ಸ್ನೋಮೊಬೈಲ್‌ಗೂ ಇದೆ ‘ಡ್ರಂಕ್ ಆಂಡ್ ಡ್ರೈವ್’ ಕೇಸು: ಹಿಮದ ಮೇಲೆ ಕುಡಿದು ಓಡಿಸಿದರೆ ಏನಾಗುತ್ತದೆ?

ಡಿಸೆಂಬರ್ ಬಂತೆಂದರೆ ನಮ್ಮ ಫ್ಯಾಮಿಲಿ ಗ್ರೂಪುಗಳಲ್ಲಿ ಹಿಮದ ವಿಡಿಯೊಗಳು ಶುರು. ಟೊರೊಂಟೊದಲ್ಲಿರುವ ಅಣ್ಣನ ಮಗ ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ನೋಮೊಬೈಲ್ ಓಡಿಸುತ್ತಿರುತ್ತಾನೆ, ಹನಿಮೂನಿಗೆ ಗುಲ್ಮಾರ್ಗ್‌ಗೆ ಹೋದ ಜೋಡಿ ಸ್ನೋ ಸ್ಕೂಟರ್ ಮೇಲೆ ಕೂತು ಕೈಬೀಸುತ್ತಿರುತ್ತದೆ. ಅದರ ಕೆಳಗೆ ಯಾರಾದರೊಬ್ಬರು ‘ಅಲ್ಲಿ ರಸ್ತೆಯೇ ಇಲ್ಲ, ಪೊಲೀಸರ ಕಾಟವೂ ಇಲ್ಲ, ಚಳಿಗೆ ಒಂದೆರಡು ಪೆಗ್ ಹಾಕಿ ಓಡಿಸಿದರೆ ಬೆಚ್ಚಗಿರುತ್ತದೆ, ಸಿಕ್ಕಿಬಿದ್ದರೂ ಸಣ್ಣ ದಂಡ ಅಷ್ಟೇ’ ಎಂಬ ಅರ್ಥದ ಮಾತು ಹಾಕದೆ ಬಿಡುವುದಿಲ್ಲ.

ಈ ಒಂದು ಸಾಲಿನಲ್ಲಿ ಮೂರು ತಪ್ಪುಗಳಿವೆ. ಹಿಮದಲ್ಲಿ ಸ್ನೋಮೊಬೈಲ್ ಓಡುವ ಪ್ರಮುಖ ದೇಶಗಳಲ್ಲಿ ಕುಡಿದು ಅದನ್ನು ಓಡಿಸುವುದು ಕಾನೂನಿನ ಪ್ರಕಾರ ತಪ್ಪು. ಹಲವು ಕಡೆ ಕಾರು ಓಡಿಸಿ ಸಿಕ್ಕಿಬಿದ್ದಷ್ಟೇ ದೊಡ್ಡ ಅಪರಾಧ. ಮದ್ಯ ಮೈಯನ್ನು ಬೆಚ್ಚಗಿಡುವುದಿಲ್ಲ, ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಇನ್ನು ‘ಸಣ್ಣ ದಂಡ’ ಎಂಬುದಂತೂ ವಿದೇಶದಲ್ಲಿ ಓದುವ, ದುಡಿಯುವ ನಮ್ಮವರ ಮಟ್ಟಿಗೆ ಅಪಾಯದ ಮಾತು. ಕೆನಡಾದಲ್ಲಿ ಇಂಥ ಒಂದು ಕೇಸು ಪಿ.ಆರ್. ಕಾರ್ಡಿಗೇ ಕುತ್ತು ತರಬಲ್ಲದು.

ಇದು ಆಟಿಕೆಯಲ್ಲ

ಸ್ನೋಮೊಬೈಲ್ ನೋಡದವರಿಗೆ: ಮುಂದೆ ಚಕ್ರದ ಬದಲು ಎರಡು ಸ್ಕೀ ಪಟ್ಟಿ, ಹಿಂದೆ ಯುದ್ಧ ಟ್ಯಾಂಕಿಗೆ ಇರುವಂಥ, ಆದರೆ ರಬ್ಬರಿನ ಟ್ರ್ಯಾಕ್, ಮಧ್ಯೆ ಬೈಕಿನಂಥ ಸೀಟು ಮತ್ತು ಹ್ಯಾಂಡಲ್. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ‘ಸ್ಕಿ-ಡೂ’ ಹೆಸರಿನ ಹಗುರ ಗಾಡಿಯನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಮೋಜಿನ ಸವಾರಿಯಾಗಿ ಹರಡಿತು. ಇವತ್ತಿನ ಗಾಡಿಗಳು ಸಾಮಾನ್ಯವಾಗಿ 200ರಿಂದ 300 ಕಿಲೊ ತೂಗುತ್ತವೆ. ಶಕ್ತಿಶಾಲಿ ಮಾದರಿಗಳು ಗಂಟೆಗೆ 150 ಕಿ.ಮೀ. ದಾಟಬಲ್ಲವು. ಸೀಟ್ ಬೆಲ್ಟ್ ಇಲ್ಲ, ಸುತ್ತ ಬಾಡಿ ಇಲ್ಲ.

ಓಡುವ ಜಾಗ ಎಂಥದ್ದು? ಕಾಡಿನ ನಡುವೆ ಬಳಸಿ ಸಾಗುವ ಇಕ್ಕಟ್ಟಾದ ದಾರಿ, ಹಿಮದಡಿ ಬೇಲಿ ತಂತಿ ಮುಚ್ಚಿಹೋದ ಹೊಲ, ಮೇಲೆ ಗಟ್ಟಿಯಾಗಿ ಕಂಡು ಕೆಳಗೆ ತೆಳ್ಳಗಿರುವ ಮಂಜುಗಡ್ಡೆ. ಉತ್ತರದ ಆ ನಾಡುಗಳಲ್ಲಿ ಚಳಿಗಾಲದ ಸಂಜೆ ಐದಕ್ಕೆಲ್ಲ ಕತ್ತಲು. ಹೆಡ್‌ಲೈಟಿನ ಬೆಳಕು ಬಿದ್ದಷ್ಟು ದೂರವೇ ನಿಮಗೆ ಗೊತ್ತಿರುವ ಪ್ರಪಂಚ.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 100 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಎದುರಿಗೆ ಏನೋ ಕಂಡು, ಅದೇನೆಂದು ತಿಳಿದು, ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಬ್ರೇಕ್ ಒತ್ತುವ ಮೊದಲೇ ಗಾಡಿ 42 ಮೀಟರ್ ಹೋಗಿರುತ್ತದೆ. ಕುಡಿದಿದ್ದರಿಂದ ಇನ್ನೊಂದೇ ಒಂದು ಸೆಕೆಂಡ್ ತಡವಾಯಿತು ಎನ್ನಿ, ಅದು 70 ಮೀಟರ್. ಆಮೇಲೆ ಗಾಡಿ ನಿಲ್ಲಬೇಕು, ಅದೂ ಹಿಮದ ಮೇಲೆ.

ಅಮೆರಿಕದ ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಸ್ನೋಮೊಬೈಲ್ ದಾರಿಗಳು ಒಂದು ಬಾರಿನಿಂದ ಇನ್ನೊಂದು ಬಾರಿಗೆ ಹೋಗುವಂತೆಯೇ ಇವೆ. ಚಳಿಯಲ್ಲಿ ಹಳ್ಳಿಯ ಹೋಟೆಲು, ಬಾರುಗಳ ವ್ಯಾಪಾರ ನಡೆಯುವುದೇ ಈ ಸವಾರರಿಂದ. ಹಾಗಾಗಿ ಕುಡಿತ ಮತ್ತು ಈ ಸವಾರಿ ಅಲ್ಲಿ ಹಳೆಯ ಜೋಡಿ. ಕಾನೂನು ಈ ಜೋಡಿಯನ್ನು ಬಿಡಿಸಲು ಹೊರಟದ್ದು ಸುಮ್ಮನೆ ಅಲ್ಲ. ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸ್ನೋಮೊಬೈಲ್ ಸಾವುಗಳ ಕಾರಣಗಳನ್ನು ಹೇಳುವಾಗ ಅತಿವೇಗದ ಜೊತೆಗೆ ಮದ್ಯದ ಹೆಸರನ್ನೂ ಮತ್ತೆ ಮತ್ತೆ ಎತ್ತುತ್ತದೆ.

‘ರಸ್ತೆಯೇ ಅಲ್ಲ, ಕೇಸು ಹೇಗೆ?’

ಇದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೂ ಹೌದು. ಉತ್ತರ ಇರುವುದು ಆಯಾ ದೇಶದ ಕಾನೂನು ‘ವಾಹನ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ.

ಕೆನಡಾದ್ದು ಅತ್ಯಂತ ಸರಳ. ಅಲ್ಲಿನ ಅಪರಾಧ ಸಂಹಿತೆಯ ಪ್ರಕಾರ ತೋಳ್ಬಲ, ಕಾಲ್ಬಲ ಬಿಟ್ಟು ಬೇರೆ ಯಾವುದೇ ಶಕ್ತಿಯಿಂದ ಓಡುವ ಗಾಡಿ ಮೋಟಾರು ವಾಹನ. ರೈಲನ್ನು ಮಾತ್ರ ಬೇರೆ ಪಟ್ಟಿಯಲ್ಲಿ ಇಟ್ಟಿದ್ದಾರೆ, ಅದಕ್ಕೂ ಇದೇ ನಿಯಮ ಇದೆ. ಗಾಡಿ ರಸ್ತೆಯ ಮೇಲಿರಬೇಕು ಎಂದು ಎಲ್ಲೂ ಹೇಳಿಲ್ಲ. ಆದ್ದರಿಂದ ಸ್ನೋಮೊಬೈಲ್ ಕೆರೆಯ ಮೇಲಿರಲಿ, ಕಾಡಿನಲ್ಲಿರಲಿ, ನಿಮ್ಮದೇ ಜಮೀನಿನಲ್ಲಿರಲಿ, ಕುಡಿದು ಓಡಿಸಿದರೆ ಕಾರಿಗೆ ಬೀಳುವ ಅದೇ ಕಲಂ ಬೀಳುತ್ತದೆ, 320.14.

ಅಮೆರಿಕದಲ್ಲಿ ಇದು ರಾಜ್ಯಗಳ ಕೈಯಲ್ಲಿದೆ. ಮಿನೆಸೋಟ ರಾಜ್ಯ ಸ್ನೋಮೊಬೈಲ್, ಎ.ಟಿ.ವಿ., ಮೋಟಾರು ದೋಣಿ ಎಲ್ಲವನ್ನೂ ಕಾರಿನ ಕುಡಿತದ ಕಾನೂನಿನೊಳಗೇ ಸೇರಿಸಿಬಿಟ್ಟಿದೆ. ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳು ಸ್ನೋಮೊಬೈಲ್‌ಗೆಂದೇ ಬೇರೆ ಕಲಂ ಇಟ್ಟುಕೊಂಡಿವೆ. ಹೀಗಾಗಿ ಒಂದು ರಾಜ್ಯದಲ್ಲಿರುವ ಗೆಳೆಯ ಕಳಿಸಿದ ಮಾಹಿತಿ ಇನ್ನೊಂದು ರಾಜ್ಯಕ್ಕೆ ಹೊಂದದೇ ಇರಬಹುದು. ಫಾರ್ವರ್ಡ್‌ಗಳಲ್ಲಿ ‘ಅಮೆರಿಕದಲ್ಲಿ ಹೀಗಂತೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಕಂಡರೆ ಅನುಮಾನಪಡುವುದಕ್ಕೆ ಇದೊಂದೇ ಕಾರಣ ಸಾಕು.

ಪದದ ಅರ್ಥ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ತಮಾಷೆಯ ಉದಾಹರಣೆ ಇದೆ. ಐಸ್ ಸ್ಕೇಟಿಂಗ್ ಅಂಗಳವನ್ನು ನುಣುಪು ಮಾಡುವ ‘ಝಾಂಬೋನಿ’ ಎಂಬ ಯಂತ್ರವನ್ನು ಕುಡಿದು ಓಡಿಸಿದ ನ್ಯೂಜೆರ್ಸಿಯ ಒಬ್ಬನ ಮೇಲೆ ಡ್ರಂಕ್ ಆಂಡ್ ಡ್ರೈವ್ ಕೇಸು ಬಿತ್ತು. 2007ರಲ್ಲಿ ನ್ಯಾಯಾಧೀಶರು ಅವನನ್ನು ಬಿಟ್ಟರು. ಆ ಯಂತ್ರ ರಸ್ತೆಯಲ್ಲಿ ಓಡುವಂಥದ್ದೂ ಅಲ್ಲ, ಜನರನ್ನು ಸಾಗಿಸುವಂಥದ್ದೂ ಅಲ್ಲ, ಹಾಗಾಗಿ ಆ ರಾಜ್ಯದ ಕಾನೂನಿನ ಪ್ರಕಾರ ಅದು ಮೋಟಾರು ವಾಹನವಲ್ಲ ಎಂಬುದು ಕಾರಣ. ಇಂಥ ಸುದ್ದಿ ಓದಿದವರು ‘ರಸ್ತೆಯಲ್ಲಿ ಓಡದ ಗಾಡಿಗೆ ಕೇಸಿಲ್ಲ’ ಎಂದು ತೀರ್ಮಾನಿಸಿಬಿಡುವುದು ಸಹಜ. ಆದರೆ ಸ್ನೋಮೊಬೈಲ್ ವಿಷಯದಲ್ಲಿ ಹಿಮ ಬೀಳುವ ರಾಜ್ಯಗಳು ಈ ಸಂದನ್ನು ಹೆಸರು ಹೇಳಿಯೇ ಮುಚ್ಚಿವೆ.

ಇನ್ನು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಜನ ಓಡಾಡುವುದೇ ಸ್ನೋಮೊಬೈಲ್ ಮೇಲೆ. ಅಲ್ಲೂ ಕುಡಿತದ ಮಿತಿ ಇದ್ದೇ ಇದೆ.

ಎಂಟು ವರ್ಷದ ಹುಡುಗನ ಹೆಸರಿನ ಕಾನೂನು

ಮಿನೆಸೋಟದಲ್ಲಿ 2018ರವರೆಗೂ ಕಾನೂನಿನಲ್ಲಿ ಒಂದು ವಿಚಿತ್ರ ಬಿರುಕಿತ್ತು. ಕುಡಿದು ಕಾರು ಓಡಿಸಿ ಲೈಸೆನ್ಸ್ ಕಳೆದುಕೊಂಡವನು ಕಾರು ಮುಟ್ಟುವಂತಿರಲಿಲ್ಲ. ಆದರೆ ಸ್ನೋಮೊಬೈಲ್ ಹತ್ತಿ ಹೋಗಲು ಅಡ್ಡಿ ಇರಲಿಲ್ಲ. ತಿರುಗಿಸಿ ನೋಡಿದರೂ ಅಷ್ಟೇ. ಮೊದಲ ಸಲ ಕುಡಿದು ಸ್ನೋಮೊಬೈಲ್ ಓಡಿಸಿ ಸಿಕ್ಕಿಬಿದ್ದವನ ಕಾರಿನ ಲೈಸೆನ್ಸ್ ಉಳಿಯುತ್ತಿತ್ತು. ಮೋಜಿನ ಗಾಡಿಗೆ ಒಂದು ಲೆಕ್ಕ, ರಸ್ತೆಯ ಗಾಡಿಗೆ ಒಂದು ಲೆಕ್ಕ.

ಆ ವರ್ಷದ ಜನವರಿಯಲ್ಲಿ ಚಿಸಾಗೊ ಎಂಬ ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಕುಟುಂಬ ಮೀನು ಹಿಡಿಯಲು ಟೆಂಟಿನಂಥ ಗೂಡು ಹಾಕುತ್ತಿತ್ತು. ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು ಗಾಳ ಬಿಟ್ಟು ಕೂರುವುದು ಅಲ್ಲಿ ಮನೆಮಂದಿಯೆಲ್ಲ ಸೇರಿ ಮಾಡುವ ಚಳಿಗಾಲದ ಕೆಲಸ. ಕುಡಿದಿದ್ದ ಒಬ್ಬ ಸ್ನೋಮೊಬೈಲ್ ಸವಾರ ವೇಗವಾಗಿ ಬಂದು ಅವರ ನಡುವೆ ನುಗ್ಗಿದ. ಎಂಟು ವರ್ಷದ ಹುಡುಗ ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಸವಾರ ಹಿಂದೆಯೂ ಕುಡಿದು ಗಾಡಿ ಓಡಿಸಿ ಶಿಕ್ಷೆಯಾಗಿದ್ದವನು, ಅವನ ಕಾರಿನ ಲೈಸೆನ್ಸ್ ಆಗಲೇ ರದ್ದಾಗಿತ್ತು.

ಹುಡುಗನ ತಂದೆತಾಯಿ ಶಾಸಕರ ಮುಂದೆ ಹೋಗಿ ಕಾನೂನು ಬದಲಿಸುವಂತೆ ಕೇಳಿಕೊಂಡರು. ಅದೇ ವರ್ಷ ಆಗಸ್ಟ್ 1ರಿಂದ ‘ಲಿಟಲ್ ಅಲನ್ಸ್ ಲಾ’ ಜಾರಿಗೆ ಬಂತು. ಈಗ ಯಾವ ಗಾಡಿಯಲ್ಲಿ ಕುಡಿದು ಸಿಕ್ಕಿ ಶಿಕ್ಷೆಯಾದರೂ ಕಾರು, ಸ್ನೋಮೊಬೈಲ್, ಎ.ಟಿ.ವಿ., ದೋಣಿ ಎಲ್ಲದಕ್ಕೂ ಒಟ್ಟಿಗೆ ನಿಷೇಧ. ಶನಿವಾರ ಕೆರೆಯ ಮೇಲೆ ಮಾಡಿದ ತಪ್ಪಿನ ಫಲವಾಗಿ ಆಫೀಸಿಗೆ ಕಾರಿನಲ್ಲಿ ಹೋಗುವ ಹಕ್ಕು ಕಳೆದುಹೋಗುತ್ತದೆ. ಬಸ್ ಸಿಗದ ಅಮೆರಿಕದ ಊರುಗಳಲ್ಲಿ ಬದುಕಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕೆನಡಾದ ಒಂಟಾರಿಯೊದಲ್ಲೂ ಇದೇ ಕಥೆ. ಕುಡಿದು ಸ್ನೋಮೊಬೈಲ್ ಓಡಿಸಿದರೆ ಹೋಗುವುದು ಡ್ರೈವಿಂಗ್ ಲೈಸೆನ್ಸೇ. ಅಲ್ಲಿನ ಪ್ರಾಂತೀಯ ಪೊಲೀಸರಲ್ಲಿ ಸ್ನೋಮೊಬೈಲ್, ಎ.ಟಿ.ವಿ. ಮತ್ತು ದೋಣಿಗಳ ಮೇಲೆ ಕಣ್ಣಿಡಲು ‘ಸೇವ್’ ಎಂಬ ಪ್ರತ್ಯೇಕ ತಂಡವೇ ಇದೆ. ಮಿನೆಸೋಟದಲ್ಲಿ ಈ ಕೆಲಸಕ್ಕೆ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಅಧಿಕಾರಿಗಳೂ ಇದ್ದಾರೆ. ಕಾಡಿನಲ್ಲಿ ಯಾರು ಬರುತ್ತಾರೆ ಎಂದುಕೊಂಡರೆ ಅವರೂ ಸ್ನೋಮೊಬೈಲ್ ಮೇಲೆಯೇ ಬರುತ್ತಾರೆ.

ಎಷ್ಟು ಕುಡಿದರೆ ಕೇಸು?

ಎಲ್ಲ ದೇಶಗಳೂ ಅಳೆಯುವುದು ರಕ್ತದಲ್ಲಿರುವ ಮದ್ಯಸಾರವನ್ನು. 100 ಮಿ.ಲೀ. ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ಹೋಲಿಸಿದರೆ ಚಿತ್ರ ಹೀಗಿದೆ. ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್‌ಗಳಲ್ಲಿ ಮತ್ತು ಕೆನಡಾದ ಅಪರಾಧ ಸಂಹಿತೆಯಲ್ಲಿ 80. ಫಿನ್ಲೆಂಡಿನಲ್ಲಿ 50. ಸ್ವೀಡನ್ ಮತ್ತು ನಾರ್ವೆಯಲ್ಲಿ ಬರೀ 20. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ ಮಿತಿ 30. ಒಂಟಾರಿಯೊದಲ್ಲಿ 50 ದಾಟಿದರೂ 80 ಮುಟ್ಟದಿದ್ದವರಿಗೆ ಕ್ರಿಮಿನಲ್ ಕೇಸಿಲ್ಲ, ಆದರೆ ಮೊದಲ ಸಲಕ್ಕೇ ಕೆಲವು ದಿನ ಲೈಸೆನ್ಸ್ ಸಸ್ಪೆಂಡ್. 21 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ, ಹೊಸ ಲೈಸೆನ್ಸಿನವರಿಗೆ ಸೊನ್ನೆಯೇ ಮಿತಿ. ಓದಲು ಹೋದ ಮಕ್ಕಳು ಇದನ್ನು ಗಮನಿಸಬೇಕು.

ಈ ಅಂಕಿ ಪೆಗ್ ಲೆಕ್ಕದಲ್ಲಿ ಎಷ್ಟು? ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್‌ಮಾರ್ಕ್ ಕೊಟ್ಟ ಸೂತ್ರ ಹಿಡಿದು ಅಂದಾಜು ಮಾಡಬಹುದು. ನಮ್ಮ ಲಾರ್ಜ್ ಪೆಗ್, ಅಂದರೆ 42.8 ಪ್ರತಿಶತದ 60 ಮಿ.ಲೀ. ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 70 ಕಿಲೊ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ಲಾರ್ಜ್ ಹಾಕಿದರೆ ರಕ್ತದಲ್ಲಿ 40ರ ಆಸುಪಾಸು. ಸ್ವೀಡನ್ನಿನಲ್ಲಿ ಕೇಸು, ಭಾರತದ ಮಿತಿಯೂ ದಾಟಿತು. ಎರಡನೇ ಲಾರ್ಜಿಗೆ 80ರ ಗಡಿಯಲ್ಲಿ ನಿಂತಿರುತ್ತಾನೆ. 55 ಕಿಲೊ ತೂಕದ ಹೆಂಗಸಿಗೆ ಒಂದೇ ಲಾರ್ಜ್ 65ರ ಮೇಲಕ್ಕೆ ಒಯ್ಯಬಹುದು. ಇವೆಲ್ಲ ಅಂದಾಜು ಮಾತ್ರ. ಊಟ, ಮೈಕಟ್ಟು, ಕುಡಿದ ವೇಗ ನೋಡಿಕೊಂಡು ಏರುಪೇರಾಗುತ್ತದೆ. ‘ಎರಡು ಪೆಗ್‌ವರೆಗೆ ಸೇಫ್’ ಎಂಬ ಚಾರ್ಟ್ ಯಾರಾದರೂ ಕಳಿಸಿದರೆ ಅದನ್ನು ನಂಬಿ ಗಾಡಿ ಹತ್ತಬೇಡಿ ಎಂದು ಹೇಳಲಿಕ್ಕಾಗಿಯೇ ಈ ಲೆಕ್ಕ ಕೊಟ್ಟದ್ದು.

ಇಳಿಯುವ ವೇಗ ಇನ್ನೂ ನಿಧಾನ. ಗಂಟೆಗೆ ಸುಮಾರು 15 ಮಿ.ಗ್ರಾಂ. ಅಷ್ಟೇ. ಅದೇ 70 ಕಿಲೊ ಗಂಡಸು ನಾಲ್ಕು ಲಾರ್ಜ್ ಹಾಕಿ ರಾತ್ರಿ 12ಕ್ಕೆ 170ರಲ್ಲಿದ್ದರೆ ಬೆಳಗ್ಗೆ 8ಕ್ಕೆ ತಿಂಡಿ ತಿನ್ನುವಾಗಲೂ 50 ಉಳಿದಿರುತ್ತದೆ. ರಾತ್ರಿ ಮಲಗಿ ಎದ್ದ ಮೇಲೆ ಎಲ್ಲ ಸರಿ ಎಂದುಕೊಂಡು ಬೆಳಗಿನ ಸಫಾರಿಗೆ ಹೊರಟವರು ಸಿಕ್ಕಿಬೀಳುವುದು ಹೀಗೆ. ಕಾಫಿ, ನಿಂಬೆರಸ, ತಣ್ಣೀರು ಸ್ನಾನ, ಹೊರಗಿನ ಕೊರೆಯುವ ಗಾಳಿ ಯಾವುದೂ ಈ ಇಳಿತವನ್ನು ಚುರುಕು ಮಾಡುವುದಿಲ್ಲ. ಕೆಲಸ ಮಾಡಬೇಕಾದದ್ದು ಯಕೃತ್ತು, ಅದಕ್ಕೆ ಅದರದೇ ವೇಗ. ತಣ್ಣನೆ ಗಾಳಿ ಮುಖಕ್ಕೆ ಹೊಡೆದಾಗ ನಶೆ ಇಳಿದಂತೆ ಅನ್ನಿಸುತ್ತದೆ, ಅಷ್ಟೇ.

ಮಿಷಿಗನ್ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ಅಲ್ಲಿ ಕಾರಿಗೆ 2003ರಲ್ಲೇ ಮಿತಿ 100ರಿಂದ 80ಕ್ಕೆ ಇಳಿದಿತ್ತು. ಸ್ನೋಮೊಬೈಲ್‌ಗೆ ಇಳಿದದ್ದು 2015ರ ಮಾರ್ಚ್ 31ರಿಂದ. ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಮನುಷ್ಯ, ಅಷ್ಟೇ ಕುಡಿದು, ಕಾರಿನಲ್ಲಿ ಅಪರಾಧಿ, ಸ್ನೋಮೊಬೈಲ್ ಮೇಲೆ ಸಾಚಾ! ಇದಕ್ಕೊಂದು ಹಿನ್ನೆಲೆ ಇದೆ. 80ರ ಮಿತಿ ತರದ ರಾಜ್ಯಗಳಿಗೆ ಹೆದ್ದಾರಿ ಹಣ ಕಡಿತ ಮಾಡುತ್ತೇವೆ ಎಂದು ಅಮೆರಿಕದ ಕೇಂದ್ರ ಸರ್ಕಾರ 2000ದಲ್ಲಿ ಕಾನೂನು ಮಾಡಿತ್ತು. ಆ ಒತ್ತಡ ಇದ್ದದ್ದು ರಸ್ತೆಯ ಗಾಡಿಗಳ ವಿಷಯದಲ್ಲಿ. ಮೋಜಿನ ಗಾಡಿಗಳು ಹಿಂದೆ ಉಳಿದವು. ‘ಹಿಮದ ಮೇಲೆ ಅಷ್ಟೇನೂ ಕಟ್ಟುನಿಟ್ಟಿಲ್ಲ’ ಎಂಬ ನಂಬಿಕೆ ಪೂರ್ತಿ ಗಾಳಿಮಾತಲ್ಲ, ಹಳೆಯ ಕಾನೂನಿನ ನೆನಪೂ ಅದರಲ್ಲಿದೆ.

ಪೆಗ್ ಹಾಕಿದರೆ ಮೈ ಬೆಚ್ಚಗಾಗುವುದಿಲ್ಲವೇ?

ಬೆಚ್ಚಗಾದಂತೆ ಅನ್ನಿಸುವುದು ನಿಜ. ಚಳಿಯಲ್ಲಿ ದೇಹ ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಬಿಸಿ ರಕ್ತವನ್ನು ಹೃದಯ, ಶ್ವಾಸಕೋಶ, ಮೆದುಳಿನ ಕಡೆ ಕೂಡಿಟ್ಟುಕೊಳ್ಳುತ್ತದೆ. ಮದ್ಯ ಆ ನಾಳಗಳನ್ನು ಹಿಗ್ಗಿಸುತ್ತದೆ. ಬಿಸಿ ರಕ್ತ ಚರ್ಮಕ್ಕೆ ನುಗ್ಗುತ್ತದೆ, ಮುಖ ಕೆಂಪಗಾಗುತ್ತದೆ, ಹಾಯೆನಿಸುತ್ತದೆ. ಆ ಬಿಸಿ ಹೊಸದಾಗಿ ಹುಟ್ಟಿದ್ದಲ್ಲ, ಒಳಗಿಂದ ಹೊರಗೆ ಸೋರಿದ್ದು. ಕಿಟಕಿ ತೆರೆದಿಟ್ಟು ಒಲೆ ಉರಿಸಿದ ಹಾಗೆ.

ಅಲ್ಲಿಗೆ ಮುಗಿಯಲಿಲ್ಲ. ನಡುಕ ಎನ್ನುವುದು ದೇಹ ಶಾಖ ಹುಟ್ಟಿಸುವ ಉಪಾಯ, ಮದ್ಯ ಅದನ್ನೂ ತಗ್ಗಿಸುತ್ತದೆ. ಊಟವಿಲ್ಲದೆ ಕುಡಿದರೆ ರಕ್ತದ ಸಕ್ಕರೆ ಕುಸಿಯಬಹುದು, ಆಗ ಉರಿಯಲು ಇಂಧನವೂ ಕಡಿಮೆ. ಚಳಿ ಆಗುತ್ತಿದೆ ಎಂಬ ಅರಿವೇ ಮಂದವಾಗುವುದರಿಂದ ಜಾಕೆಟ್ ಜಿಪ್ ತೆಗೆದು, ಕೈಗವಸು ಬಿಚ್ಚಿ ಕೂರುವವರಿದ್ದಾರೆ. ಮೈಯೊಳಗಿನ ತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದು ಹೈಪೊಥರ್ಮಿಯಾ. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ತೂಕಡಿಕೆ ಬರುತ್ತದೆ. ಜೊತೆಗಿರುವವರು ‘ಜಾಸ್ತಿ ಆಗಿದೆ, ಮಲಗಲಿ ಬಿಡು’ ಎಂದುಕೊಳ್ಳುತ್ತಾರೆ. ಕುಡಿತದ ಲಕ್ಷಣವೂ ಹೈಪೊಥರ್ಮಿಯಾದ ಲಕ್ಷಣವೂ ಮೇಲ್ನೋಟಕ್ಕೆ ಒಂದೇ ಥರ ಇರುವುದು ಈ ಇಡೀ ವಿಷಯದಲ್ಲೇ ಅತಿ ಅಪಾಯದ ಸಂಗತಿ ಎಂದು ನಮಗನಿಸುತ್ತದೆ. ಹಿಮದಲ್ಲಿ ಯಾರಾದರೂ ಹೀಗಾದರೆ ಒಳಗೆ ಕರೆದೊಯ್ಯಿರಿ, ಒದ್ದೆ ಬಟ್ಟೆ ತೆಗೆಸಿ, ಒಣ ಕಂಬಳಿ ಹೊದಿಸಿ, ವೈದ್ಯಕೀಯ ನೆರವಿಗೆ ಕರೆ ಮಾಡಿ. ಇನ್ನೊಂದು ಪೆಗ್ ಮಾತ್ರ ಕೊಡಬೇಡಿ.

ಕೊರಳಿಗೆ ಬ್ರಾಂದಿ ಪೀಪಾಯಿ ಕಟ್ಟಿಕೊಂಡ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ನೋಡಿದ್ದೀರಲ್ಲ? ಆಲ್ಪ್ಸ್ ಪರ್ವತದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದಲ್ಲಿ ಸಾಕಿದ ಈ ನಾಯಿಗಳು ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಿ ಉಳಿಸಿದ್ದು ನಿಜ. ಪೀಪಾಯಿಯನ್ನು ಜನರ ಮನಸ್ಸಿನಲ್ಲಿ ಕೂರಿಸಿದ್ದು ಇಂಗ್ಲೆಂಡಿನ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸಿಯರ್ 1820ರಲ್ಲಿ ಬರೆದ ಒಂದು ಚಿತ್ರ. ಆಗ ಅವನಿನ್ನೂ ಹದಿಹರೆಯದ ಹುಡುಗ. ವಾಟ್ಸಾಪ್ ಬರುವ ಎಷ್ಟೋ ಮೊದಲೇ ಒಂದು ಚಿತ್ರ ಹೀಗೆ ಫಾರ್ವರ್ಡ್ ಆಗಿ ಇನ್ನೂರು ವರ್ಷ ಓಡಿದೆ.

‘ದಂಡ ಕಟ್ಟಿದರೆ ಮುಗೀತು’: ವೀಸಾ ಇದ್ದವರು ಇದನ್ನು ಓದಲೇಬೇಕು

ಕೆನಡಾದಲ್ಲಿ ಮೊದಲ ಸಲದ ತಪ್ಪಿಗೆ ಕನಿಷ್ಠ ದಂಡ 1,000 ಡಾಲರ್. ರಕ್ತದಲ್ಲಿ 120 ದಾಟಿದ್ದರೆ 1,500, 160 ದಾಟಿದ್ದರೆ 2,000. ಎರಡನೇ ಸಲಕ್ಕೆ ಕನಿಷ್ಠ 30 ದಿನ ಜೈಲು, ಮೂರನೆಯದಕ್ಕೆ 120 ದಿನ. ಇದರ ಜೊತೆಗೆ ಗಾಡಿ ಓಡಿಸದಂತೆ ನಿಷೇಧ. ಇಷ್ಟು ಕೇಳಿದವರು ‘ಸಾವಿರ ಡಾಲರ್ ತಾನೇ’ ಅನ್ನಬಹುದು.

ಆದರೆ 2018ರ ಡಿಸೆಂಬರ್ 18ರಂದು ಜಾರಿಗೆ ಬಂದ ತಿದ್ದುಪಡಿ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು 10 ವರ್ಷಕ್ಕೆ ಏರಿಸಿತು. ಕೆನಡಾದ ವಲಸೆ ಕಾನೂನಿನಲ್ಲಿ ಗರಿಷ್ಠ 10 ವರ್ಷ ಶಿಕ್ಷೆ ವಿಧಿಸಬಹುದಾದ ಅಪರಾಧವೆಂದರೆ ‘ಗಂಭೀರ ಅಪರಾಧ’. ನೋಡುವುದು ನಿಮಗೆ ನಿಜವಾಗಿ ಎಷ್ಟು ಶಿಕ್ಷೆಯಾಯಿತು ಎಂಬುದನ್ನಲ್ಲ, ಎಷ್ಟು ಆಗಬಹುದಿತ್ತು ಎಂಬುದನ್ನು. ಹಾಗಾಗಿ ಬರೀ ದಂಡ ಕಟ್ಟಿ ಬಂದವರೂ ಈ ಬಲೆಯೊಳಗೇ. ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್‌ನವರಷ್ಟೇ ಅಲ್ಲ, ಪಿ.ಆರ್. ಪಡೆದು ವರ್ಷಗಟ್ಟಲೆ ನೆಲೆಸಿದವರೂ ದೇಶದಲ್ಲಿರುವ ಹಕ್ಕನ್ನು ಕಳೆದುಕೊಳ್ಳುವ ಪ್ರಕ್ರಿಯೆಗೆ ಸಿಕ್ಕಿಕೊಳ್ಳಬಹುದು. ಕೆನಡಾದ ಪೌರತ್ವ ಪಡೆದವರಿಗೆ ಮಾತ್ರ ಈ ಭಯವಿಲ್ಲ. ಹೊರದೇಶದಲ್ಲಿ ಆದ ಕುಡಿತದ ಕೇಸನ್ನೂ ಅಲ್ಲಿನ ಕಾನೂನಿನ ಜೊತೆ ಹೋಲಿಸಿ ನೋಡುತ್ತಾರೆ. ಕೆನಡಾಕ್ಕೆ ಹೋಗಬೇಕೆಂದಿರುವವರು ಬೆಂಗಳೂರಿನ ಹಳೇ ಡ್ರಂಕ್ ಆಂಡ್ ಡ್ರೈವ್ ಪ್ರಕರಣವನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಸುಳ್ಳು ಹೇಳಿದ್ದು ಇನ್ನೊಂದು ತಪ್ಪಾಗುತ್ತದೆ.

ಅಮೆರಿಕದಲ್ಲಿ ದಾರಿ ಬೇರೆ. ಕುಡಿದು ಗಾಡಿ ಓಡಿಸಿದ ಆರೋಪದಲ್ಲಿ ಬಂಧನವಾದರೇ ಸಾಕು, ಕೋರ್ಟಿನಲ್ಲಿ ಸಾಬೀತಾಗುವ ಮೊದಲೇ ವೀಸಾ ರದ್ದು ಮಾಡುವ ಅಧಿಕಾರ ಅಲ್ಲಿನ ವಿದೇಶಾಂಗ ಇಲಾಖೆಗಿದೆ. 2015ರಿಂದ ಇದು ಅವರ ನೀತಿ. ದೇಶದೊಳಗಿರುವ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದವರನ್ನು ಮರುದಿನವೇ ಹೊರಹಾಕುತ್ತಾರೆ ಎಂದಲ್ಲ. ಆದರೆ ಅಕ್ಕನ ಮದುವೆಗೆಂದು ಊರಿಗೆ ಬಂದವರು ವಾಪಸು ಹೋಗಲು ಹೊಸ ವೀಸಾಕ್ಕೆ ಅರ್ಜಿ ಹಾಕಿ, ವೈದ್ಯಕೀಯ ತಪಾಸಣೆ ಮಾಡಿಸಿಕೊಂಡು ಕಾಯಬೇಕಾಗಬಹುದು. ಮಿನೆಸೋಟದಂಥ ಕಡೆ ಸ್ನೋಮೊಬೈಲ್ ಕೇಸು ದಾಖಲಾಗುವುದು ಕಾರಿನ ಅದೇ ಕಾನೂನಿನಡಿ. ಕಾಗದದ ಮೇಲೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಇಂಥ ಸ್ಥಿತಿ ಬಂದರೆ ಗ್ರೂಪಿನಲ್ಲಿ ಸಲಹೆ ಕೇಳುತ್ತ ಕೂರದೆ ಮೊದಲು ವಲಸೆ ವಕೀಲರನ್ನು ಕಾಣಿ. ತಪ್ಪೊಪ್ಪಿಗೆಗೆ ಸಹಿ ಹಾಕಿದ ಮೇಲೆ ವಕೀಲರು ಮಾಡುವುದು ಕಡಿಮೆ.

ಊದುವುದಿಲ್ಲ ಅಂದರೆ? ಗಾಡಿ ನಿಂತಿದ್ದರೆ?

ಎರಡೂ ತಪ್ಪಿಸಿಕೊಳ್ಳುವ ದಾರಿಯಲ್ಲ. ಕೆನಡಾದಲ್ಲಿ ಕಾನೂನುಬದ್ಧವಾಗಿ ಗಾಡಿ ನಿಲ್ಲಿಸಿದ ಪೊಲೀಸರ ಹತ್ತಿರ ಉಸಿರು ಪರೀಕ್ಷೆಯ ಯಂತ್ರ ಇದ್ದರೆ, ಕುಡಿದ ಅನುಮಾನ ಇಲ್ಲದಿದ್ದರೂ ಊದಿಸಬಹುದು. ಒಲ್ಲೆ ಅಂದರೆ ಅದೇ ಒಂದು ಅಪರಾಧ, ಮೊದಲ ಸಲಕ್ಕೆ ಕನಿಷ್ಠ 2,000 ಡಾಲರ್ ದಂಡ. ಅಂದರೆ ಊದಿ ಸಿಕ್ಕಿಬಿದ್ದವನಿಗಿಂತ ಊದದವನಿಗೆ ಹೆಚ್ಚು ಬೀಳಬಹುದು. ಮಿನೆಸೋಟದಲ್ಲೂ ನಿರಾಕರಣೆಯೇ ಅಪರಾಧ. ಕೀಲಿ ಇಟ್ಟುಕೊಂಡು ಸವಾರನ ಸೀಟಿನಲ್ಲಿ ಕೂತಿದ್ದರೂ, ಎಂಜಿನ್ ಬಂದ್ ಇದ್ದರೂ, ಗಾಡಿ ನಿಮ್ಮ ಹತೋಟಿಯಲ್ಲಿತ್ತು ಎಂದು ಕೇಸು ಹಾಕಲು ಎರಡೂ ಕಡೆ ಅವಕಾಶವಿದೆ. ಬಾರಿನ ಹೊರಗೆ ಸೆಲ್ಫಿಗೆ ಕೂತವರೂ ಇದನ್ನು ನೆನಪಿಡುವುದು ಒಳ್ಳೆಯದು.

ಗಾಂಜಾ ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಕಾನೂನುಬದ್ಧ. ಅದನ್ನು ಸೇದಿ ಗಾಡಿ ಓಡಿಸುವುದು ಕಾನೂನುಬದ್ಧ ಅಲ್ಲ. ಗಾಂಜಾ ಮತ್ತು ಮದ್ಯ ಎರಡೂ ಸೇರಿದ್ದರೆ ಮದ್ಯದ ಮಿತಿ 80ರ ಬದಲು 50ಕ್ಕೇ ಕೇಸಾಗಬಹುದು.

ಗುಲ್ಮಾರ್ಗ್, ಸೋಲಂಗ್‌ನಲ್ಲಿ?

ನಮ್ಮ ದೇಶದಲ್ಲಿ ಕುಡಿದು ಗಾಡಿ ಓಡಿಸಿದರೆ ಬೀಳುವುದು ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಆ ಕಾಯ್ದೆ ಮೋಟಾರು ವಾಹನ ಎಂದು ಕರೆಯುವುದು ರಸ್ತೆಯ ಮೇಲೆ ಬಳಸಲು ತಕ್ಕಂತೆ ಮಾಡಿದ ಯಂತ್ರಚಾಲಿತ ಗಾಡಿಯನ್ನು. ಹಿಮದ ಮೇಲಷ್ಟೇ ಓಡುವ ಸ್ನೋ ಸ್ಕೂಟರ್ ಆ ಮಾತಿಗೆ ಸಲೀಸಾಗಿ ಹೊಂದುವುದಿಲ್ಲ ಎಂದು ವಕೀಲರು ವಾದಿಸಬಹುದು. ನ್ಯೂಜೆರ್ಸಿಯ ಝಾಂಬೋನಿಗೆ ಆದ ಥರದ ವಾದವೇ. ಕೆನಡಾ, ಮಿನೆಸೋಟಗಳ ಕಾನೂನಿನಲ್ಲಿರುವಂಥ ಸ್ಪಷ್ಟತೆ ನಮ್ಮ ಕಾಯ್ದೆಯ ಈ ವ್ಯಾಖ್ಯೆಯಲ್ಲಿಲ್ಲ. ಪ್ರವಾಸಿಗರು ಇಷ್ಟೊಂದು ಹೋಗುವ ಜಾಗಗಳಿಗೆ ಅದು ಬೇಕಿತ್ತು.

ಹಾಗೆಂದು ಹಿಮದ ಮೇಲೆ ಕಾನೂನೇ ಇಲ್ಲ ಎಂದಲ್ಲ. ಅಜಾಗರೂಕತೆಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು. ಇವಕ್ಕೆ ರಸ್ತೆಯೂ ಬೇಡ, ವಾಹನದ ವ್ಯಾಖ್ಯೆಯೂ ಬೇಡ.

ಗುಲ್ಮಾರ್ಗ್, ಸೋಲಂಗ್ ಕಡೆ ಸಾಮಾನ್ಯವಾಗಿ ಗಾಡಿ ಓಡಿಸುವವರು ಅಲ್ಲಿನ ಚಾಲಕರು, ನೀವು ಹಿಂದೆ ಕೂರುವವರು. ಅವರ ಬಾಯಿಂದ ವಾಸನೆ ಬಂದರೆ ಕೊಟ್ಟ ದುಡ್ಡಿಗೆ ಮುಖ ನೋಡದೆ ಇಳಿದುಬಿಡಿ. ನೀವೇ ಹಾಕಿಕೊಂಡಿದ್ದರೆ ರೀಲ್ಸ್‌ಗೆಂದು ಹ್ಯಾಂಡಲ್ ಕೇಳಬೇಡಿ, ಹಿಂದೆ ಕೂರುವುದೂ ಬೇಡ. ಜಾರಿ ಬೀಳದಂತೆ ಹಿಡಿದುಕೊಳ್ಳಲು ಕೈಗೂ ತಲೆಗೂ ಹೊಂದಾಣಿಕೆ ಬೇಕು. ಮತ್ತು ಹೊರಡುವ ಮೊದಲು ಟ್ರಾವೆಲ್ ಇನ್ಶೂರೆನ್ಸ್ ಕಾಗದದಲ್ಲಿ ‘ಏನೇನು ಕವರ್ ಆಗುವುದಿಲ್ಲ’ ಎಂಬ ಪುಟವನ್ನು ತೆರೆದು ನೋಡಿ. ಕುಡಿದಾಗ ಆದ ಅಪಘಾತ ಬಹುತೇಕ ಪಾಲಿಸಿಗಳಲ್ಲಿ ಆ ಪಟ್ಟಿಯಲ್ಲಿರುತ್ತದೆ. ಸಾಹಸ ಕ್ರೀಡೆಗಳೂ ಹಲವು ಪಾಲಿಸಿಗಳಲ್ಲಿ ಅದೇ ಪುಟದಲ್ಲಿರುತ್ತವೆ, ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಮಾತ್ರ ಸೇರಿಸುತ್ತಾರೆ. ಬೆನ್ನು ಮುರಿದ ಮೇಲೆ ಶ್ರೀನಗರದಿಂದ ಬೆಂಗಳೂರಿಗೆ ಸ್ಟ್ರೆಚರ್‌ನಲ್ಲಿ ವಿಮಾನ ಹತ್ತಿಸುವ ಖರ್ಚು ಆಗ ಪೂರ್ತಿ ಮನೆಯವರ ತಲೆ ಮೇಲೆ.